ವೇಗ ನಿಂತು ಇಪ್ಪತ್ತು ವರ್ಷವಾದ ಮೇಲೆ ಒಂದು ಫಲಕ

ಲಂಡನ್ನಿನ ವಾಯವ್ಯ ಅಂಚಿನ ಮಿಲ್ ಹಿಲ್ ಬಡಾವಣೆಯಲ್ಲಿ, ಪಾರ್ಕ್‌ವೇ ಎಂಬ ಬೀದಿಯ ಮನೆಯೊಂದರ ಗೋಡೆಯ ಮೇಲೆ ದುಂಡನೆಯ ನೀಲಿ ಫಲಕವಿದೆ. ಮೋಟಾರು ಪಂದ್ಯಗಳ ವಿಶ್ವ ಚಾಂಪಿಯನ್ ಗ್ರಹಾಂ ಹಿಲ್ 1960ರಿಂದ 1972ರವರೆಗೆ ಇಲ್ಲಿ ವಾಸವಾಗಿದ್ದರೆಂದು ಅದು ದಾರಿಹೋಕರಿಗೆ ತಿಳಿಸುತ್ತದೆ. ಆ ಅವಧಿಯಲ್ಲೇ ಅವರು 1962 ಮತ್ತು 1968ರಲ್ಲಿ ವಿಶ್ವ ಚಾಂಪಿಯನ್ ಆದರು, ಮೊನಾಕೊ ಗ್ರ್ಯಾನ್ ಪ್ರಿಯನ್ನು ಐದು ಬಾರಿ ಗೆದ್ದರು, 1966ರಲ್ಲಿ ಇಂಡಿಯಾನಾಪೊಲಿಸ್ 500ನ್ನೂ 1972ರಲ್ಲಿ ಲೆ ಮಾನ್‌ನ 24 ಗಂಟೆಗಳ ಪಂದ್ಯವನ್ನೂ ಗೆದ್ದು, ಈ ಮೂರೂ ಪಂದ್ಯಗಳ ಕಿರೀಟಗಳನ್ನು ತೊಟ್ಟ ಏಕೈಕ ಚಾಲಕರೆನಿಸಿದರು. ಅವರ ಮಗ ಡೇಮನ್ 1996ರಲ್ಲಿ ಚಾಂಪಿಯನ್ ಆದದ್ದರಿಂದ, ಒಂದೇ ಅಡುಗೆಮನೆಯಲ್ಲಿ ಇಬ್ಬರು ವಿಶ್ವ ಚಾಂಪಿಯನ್ನರು ತಿಂಡಿ ತಿಂದ ಅಪರೂಪದ ಬೀದಿ ಎಂಬ ಹೆಗ್ಗಳಿಕೆಯೂ ಇದಕ್ಕೆ ಸಲ್ಲುತ್ತದೆ.

ಫಲಕ ಬಂದದ್ದು 2003ರಲ್ಲಿ. ಹಿಲ್ ಅವರು 1975ರ ನವೆಂಬರಿನ ಒಂದು ರಾತ್ರಿ, ತಾವೇ ನಡೆಸುತ್ತಿದ್ದ ವಿಮಾನ ಮಂಜಿನಲ್ಲಿ ಆರ್ಕ್ಲಿಯ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ ತೀರಿಕೊಂಡಿದ್ದರು. ಕಾಲದ ಜೊತೆ ಸ್ಪರ್ಧಿಸಿಯೇ ಬದುಕಿದ ಮನುಷ್ಯನ ಹೆಸರು ಅವರದೇ ಮನೆಯ ಗೋಡೆಯನ್ನು ತಲುಪಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಇದರಲ್ಲಿ ಯಾರ ಆಲಸ್ಯವೂ ಇಲ್ಲ, ಇದು ನಿಯಮ. ಲಂಡನ್ನಿನಲ್ಲಿ ನೀಲಿ ಫಲಕಗಳನ್ನು ಹಾಕಿಸುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಕಟ್ಟಳೆಯ ಪ್ರಕಾರ, ಒಬ್ಬ ವ್ಯಕ್ತಿ ಸತ್ತು ಕನಿಷ್ಠ ಇಪ್ಪತ್ತು ವರ್ಷ ಕಳೆಯದೆ ಅವರ ಹೆಸರನ್ನು ಪರಿಗಣಿಸುವಂತಿಲ್ಲ. ಕೀರ್ತಿ ಬಾಳುತ್ತದೆಯೋ ಮಾಸುತ್ತದೆಯೋ ನೋಡಬೇಕೆಂಬುದು ಇದಕ್ಕೆ ಕೊಡುವ ಸಮರ್ಥನೆ. ಕವಿಗಳ ವಿಷಯದಲ್ಲಿ ಇದು ವಿವೇಕವೇ ಇರಬಹುದು, ಏಕೆಂದರೆ ಬದುಕಿದ್ದಾಗ ಮಹಾಕವಿ ಎನಿಸಿಕೊಂಡವರು ಹತ್ತು ವರ್ಷದಲ್ಲಿ ಗ್ರಂಥಾಲಯದ ದೂಳಾಗುವುದು ಎಲ್ಲ ಭಾಷೆಗಳಲ್ಲೂ ಉಂಟು. ಆದರೆ ಓಟದ ಚಾಲಕನ ಕೀರ್ತಿಯನ್ನು ಗಡಿಯಾರವು ಸೆಕೆಂಡಿನ ಪಾಲುಗಳಲ್ಲಿ ಅಳೆದು ಅಂದೇ ಸಂಜೆ ಬರೆದಿಟ್ಟಿರುತ್ತದೆ. ಅದನ್ನು ಒಪ್ಪಿಕೊಳ್ಳಲು ಸಮಿತಿಗೆ ಎರಡು ದಶಕ ಬೇಕಾಗುತ್ತದೆ.

ಇಪ್ಪತ್ತು ಎಂಬ ಈ ಸಂಖ್ಯೆಯ ಮೇಲೆ ಲಂಡನ್ನಿಗೆ ಇರುವ ವ್ಯಾಮೋಹ ಇಲ್ಲಿಗೇ ಮುಗಿಯುವುದಿಲ್ಲ. 1903ರ ಮೋಟಾರು ಕಾರು ಕಾಯಿದೆಯು ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್, ವೇಗದ ಮಿತಿಯನ್ನು ವಿಧಿಸಿತು. ಯಾರೂ ಪಾಲಿಸುತ್ತಿಲ್ಲವೆಂಬುದು ಕಾಲು ಶತಮಾನದ ಅನುಭವದಿಂದ ಸರ್ಕಾರಕ್ಕೆ ಖಚಿತವಾದ ಮೇಲೆ, 1930ರ ಕಾಯಿದೆಯು ಕಾರುಗಳಿಗೆ ಆ ಮಿತಿಯನ್ನೇ ತೆಗೆದುಹಾಕಿತು. ರಸ್ತೆಯಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ 7,000ವನ್ನು ದಾಟಿದಾಗ ಗಾಬರಿಗೊಂಡು 1935ರಲ್ಲಿ ಊರೊಳಗೆ 30 ಮೈಲಿಯ ಮಿತಿಯನ್ನು ತಂದರು. ಈಗ ಲಂಡನ್ನಿನ ಬಹುಭಾಗದಲ್ಲಿ ಪುನಃ 20 ಮೈಲಿಯ ಫಲಕಗಳು ನಿಂತಿವೆ. ಮಕ್ಕಳು ದಾಟುವ ಬೀದಿಗೆ ಅಷ್ಟು ವೇಗ ಸಾಕೆಂಬುದರಲ್ಲಿ ನನಗೆ ಕಿಂಚಿತ್ತೂ ಸಂದೇಹವಿಲ್ಲ. ನನಗೆ ನಗು ತರಿಸುವುದು ಮಿತಿಯಲ್ಲ. ಮಿತಿ ಮೀರಿ ಓಡಿದವರ ಹೆಸರನ್ನು ಬಡಾವಣೆಯ ಆಭರಣವಾಗಿ ತೊಟ್ಟುಕೊಳ್ಳುವ ಅದೇ ನಾಗರಿಕರ ಗಾಂಭೀರ್ಯ. ಬದುಕಿರುವ ವೇಗಕ್ಕೆ ದಂಡದ ಚೀಟಿ ಕೊಡುತ್ತಾರೆ, ಸತ್ತ ವೇಗಕ್ಕೆ 495 ಮಿಲಿಮೀಟರ್ ಅಗಲದ ಪಿಂಗಾಣಿಯ ತಟ್ಟೆ ಕೊಡುತ್ತಾರೆ.

ಈ ಮನೋಧರ್ಮಕ್ಕೆ ಹಳೆಯ ಪರಂಪರೆಯೇ ಇದೆ. ರಸ್ತೆಯಲ್ಲಿ 20 ಮೈಲಿ ಮೀರುವಂತಿಲ್ಲದ ಕಾಲದಲ್ಲಿ ಬ್ರಿಟಿಷ್ ಕಾರುಗಳನ್ನು ಪರೀಕ್ಷಿಸಲು ಜಾಗವೇ ಇಲ್ಲವಲ್ಲ ಎಂದು ಮರುಗಿದ ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರರು, ಲಂಡನ್ನಿನ ನೈಋತ್ಯಕ್ಕಿರುವ ವೇಬ್ರಿಜ್ ಬಳಿ ತಮ್ಮ ಸ್ವಂತ ನೆಲದಲ್ಲಿ, ಸ್ವಂತ ದುಡ್ಡಿನಲ್ಲಿ, ಎರಡು ಮುಕ್ಕಾಲು ಮೈಲಿ ಸುತ್ತಳತೆಯ ಕಾಂಕ್ರೀಟ್ ಪಥವನ್ನು ಕಟ್ಟಿಸಿದರು. ಅದೇ 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್. ಪಥ ತೆರೆದ ಕೆಲವೇ ದಿನಗಳಲ್ಲಿ ನೆರೆಹೊರೆಯವರು ಸದ್ದಿನ ವಿರುದ್ಧ ದೂರಿದರು, ನ್ಯಾಯಾಲಯಕ್ಕೂ ಹೋದರು. ರಾತ್ರಿ ಓಟ ನಿಂತಿತು. ಕಾಲಕ್ರಮದಲ್ಲಿ ಪ್ರತಿ ಕಾರಿಗೂ ಸದ್ದಡಗಿಸುವ ದೊಡ್ಡ ಡಬ್ಬವೊಂದು ಕಡ್ಡಾಯವಾಯಿತು. ಫ್ರಾನ್ಸಿನವರು ಲೆ ಮಾನ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡಿಸುತ್ತಿದ್ದಾಗ, ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅದೇ ಪಂದ್ಯವನ್ನು ಹನ್ನೆರಡು ಹನ್ನೆರಡು ಗಂಟೆಗಳ ಎರಡು ಕಂತುಗಳಲ್ಲಿ ನಡೆಸಬೇಕಾಯಿತು. ಮೊದಲ ದಿನದ ಓಟ ಮುಗಿದೊಡನೆ ಕಾರುಗಳಿಗೆ ಬೀಗ ಹಾಕಿ, ನೆರೆಯವರು ನೆಮ್ಮದಿಯಾಗಿ ಮಲಗಿ ಎದ್ದ ಮೇಲೆ, ಬೀಗ ತೆಗೆದು ಮತ್ತೆ ಓಡಿಸುತ್ತಿದ್ದರು. ಬಾಳಿಕೆಯ ಪರೀಕ್ಷೆಯ ನಡುವೆ ಕಾರಿಗೂ ಎಂಟು ಹತ್ತು ಗಂಟೆಯ ನಿದ್ದೆಯನ್ನು ಮಂಜೂರು ಮಾಡಿದ ದೇಶ ಬಹುಶಃ ಬೇರೊಂದಿರಲಾರದು.

1939ರಲ್ಲಿ ಯುದ್ಧ ಬಂತು, ಪಂದ್ಯ ನಿಂತಿತು, ಮತ್ತೆಂದೂ ಆರಂಭವಾಗಲಿಲ್ಲ. ಕಾರುಗಳು ಹೋದ ಮೇಲೆ ಬ್ರೂಕ್‌ಲ್ಯಾಂಡ್ಸ್‌ನ ಮಹಿಮೆ ಎಲ್ಲರಿಗೂ ಹೊಳೆಯಿತು. ಇಂದು ಅಳಿದುಳಿದ ಕಾಂಕ್ರೀಟ್ ಇಳಿಜಾರು ರಕ್ಷಿತ ಸ್ಮಾರಕವಾಗಿದೆ, ಪಕ್ಕದಲ್ಲಿ ವಸ್ತುಸಂಗ್ರಹಾಲಯವಿದೆ. ಸದ್ದು ಮಾಡುತ್ತಿದ್ದಾಗ ಉಪದ್ರವವಾಗಿದ್ದದ್ದು ಮೌನ ತಾಳಿದ ಮೇಲೆ ಪರಂಪರೆಯಾಯಿತು.

ಅದೇ ನೈಋತ್ಯ ದಿಕ್ಕಿನ ಕಿಂಗ್‌ಸ್ಟನ್ ಹಿಲ್‌ನಲ್ಲಿ ಇನ್ನೊಂದು ಫಲಕವಿದೆ. ಅದು ವೇಗದ ದಾಖಲೆಗಳಿಗೆ ಹೆಸರಾದ ಸರ್ ಮಾಲ್ಕಮ್ ಕ್ಯಾಂಪ್‌ಬೆಲ್ ಮತ್ತು ಅವರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ ಇಬ್ಬರಿಗೂ ಸೇರಿ ಒಂದೇ. ತಂದೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಪಳಗಿದವರು. ಊರೊಳಗೆ 30 ಮೈಲಿಯ ಮಿತಿ ಜಾರಿಗೆ ಬಂದ 1935ರಲ್ಲೇ, ಮಾರ್ಚಿನಲ್ಲಿ ಬಂದ ಕಾನೂನಿಗೆ ಸೆಪ್ಟೆಂಬರಿನಲ್ಲಿ ಉತ್ತರವೆಂಬಂತೆ, ಅವರು ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 301 ಮೈಲಿ ವೇಗದಲ್ಲಿ ಕಾರು ಓಡಿಸಿದರು. ಮಿತಿಯ ಹತ್ತು ಪಟ್ಟು, ಮೇಲೊಂದು ಮೈಲಿ ಕೊಸರು. ಮಗ 1964ರ ಒಂದೇ ವರ್ಷದಲ್ಲಿ ನೆಲದ ದಾಖಲೆಯನ್ನೂ ನೀರಿನ ದಾಖಲೆಯನ್ನೂ ಆಸ್ಟ್ರೇಲಿಯಾದಲ್ಲಿ ಮುರಿದು, 1967ರ ಜನವರಿಯಲ್ಲಿ ಇಂಗ್ಲೆಂಡಿನ ಕಾನಿಸ್ಟನ್ ಸರೋವರದ ಮೇಲೆ ಗಂಟೆಗೆ 300 ಮೈಲಿ ವೇಗ ದಾಟಿದ ದೋಣಿ ಮಗುಚಿ ಸತ್ತರು. ಅವರು ಹುಟ್ಟಿದ ಮನೆ ಮುಂದೆ ಶಾಲೆಯಾಯಿತು. ಶಾಲೆಯ ಮುಂದೆ ಯಾವ ವೇಗದಲ್ಲಿ ಸಾಗಬೇಕೆಂಬುದನ್ನು ಇಲ್ಲಿ ಬೇರೆಯಾಗಿ ಹೇಳಬೇಕಿಲ್ಲ.

ಜೇಮ್ಸ್ ಹಂಟ್ ಅವರದು ಇನ್ನೂ ಸ್ವಾರಸ್ಯದ ಕಥೆ. 1976ರಲ್ಲಿ ಪ್ರತಿಸ್ಪರ್ಧಿ ನಿಕಿ ಲೌಡಾ ಅವರಿಗಿಂತ ಒಂದೇ ಒಂದು ಅಂಕ ಹೆಚ್ಚು ಪಡೆದು ವಿಶ್ವ ಚಾಂಪಿಯನ್ ಆದ ಈ ಸುಂದರಾಂಗ, ಕಡೆಗಾಲದಲ್ಲಿ ವಿಂಬಲ್ಡನ್ನಿನ ಮನೆಯಲ್ಲಿ ಬಜರಿಗಾರ್ ಗಿಣಿಗಳನ್ನು ಸಾಕುತ್ತ, ಸೈಕಲ್ ತುಳಿಯುತ್ತ, ಹಳೆಯ ಆಸ್ಟಿನ್ ಎ35 ವ್ಯಾನಿನಲ್ಲಿ ಓಡಾಡುತ್ತ ದಿನ ಕಳೆದು, 1993ರಲ್ಲಿ ನಲವತ್ತೈದನೆಯ ವಯಸ್ಸಿಗೇ ತೀರಿಕೊಂಡರು. ವಿಂಬಲ್ಡನ್ ಇರುವ ಮರ್ಟನ್ ಕೌನ್ಸಿಲ್ ಇಂದು ತನ್ನ ವ್ಯಾಪ್ತಿಯ ಬೀದಿಗಳಿಗೆಲ್ಲ 20 ಮೈಲಿಯ ಮಿತಿ ಹಾಕಿದೆ. ಹಂಟ್ ಆ ಮಿತಿಗೆ ತಕ್ಕ ಗಾಡಿಯನ್ನು ಮೂರು ದಶಕ ಮೊದಲೇ ಕೊಂಡಿದ್ದರೆಂಬುದನ್ನು ಯಾರಾದರೂ ಕೌನ್ಸಿಲಿನ ಗಮನಕ್ಕೆ ತಂದರೆ, ಸ್ಮಾರಕವನ್ನು ಚಾಂಪಿಯನ್‌ಗಿರಿಗಾಗಿ ಅಲ್ಲದಿದ್ದರೂ ಆದರ್ಶ ಸವಾರಿಗಾಗಿ ಮಂಜೂರು ಮಾಡಿಯಾರು.

ಮತ್ತೊಬ್ಬ ಹೆಸರಾಂತ ಓಟದ ಚಾಲಕ ಸ್ಟರ್ಲಿಂಗ್ ಮಾಸ್ ಅವರನ್ನು ಬಡಾವಣೆಯವರೆನ್ನಲಾಗದು. ಅವರ ಮನೆ ನಗರದ ನಡುವಿನ ಮೇಫೇರ್‌ನಲ್ಲಿತ್ತು. ಆದರೂ ಅವರನ್ನು ಬಿಡುವಂತಿಲ್ಲ. ವೇಗವಾಗಿ ಹೋದವರನ್ನು ತಡೆದ ಪೊಲೀಸರು "ನಿಮ್ಮನ್ನು ನೀವು ಯಾರೆಂದುಕೊಂಡಿದ್ದೀರಿ, ಸ್ಟರ್ಲಿಂಗ್ ಮಾಸ್ ಎಂದೇ?" ಎಂದು ಕೇಳುವುದು ಬ್ರಿಟನ್ನಿನಲ್ಲಿ ತಲೆಮಾರುಗಳ ವಾಡಿಕೆಯಾಗಿತ್ತು, ಮತ್ತು ಈ ಪ್ರಶ್ನೆಯನ್ನು ಸಾಕ್ಷಾತ್ ಮಾಸ್ ಅವರಿಗೇ ಕೇಳಿದ ಪ್ರಸಂಗವೂ ನಡೆದಿತ್ತೆಂದು ಹೇಳುತ್ತಾರೆ. ಇಷ್ಟು ವೇಗವನ್ನು ಅರಗಿಸಿಕೊಂಡ ಮಾಸ್ 2010ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ತಮ್ಮದೇ ಮನೆಯ ಲಿಫ್ಟಿನ ಗುಂಡಿಗೆ ಬಿದ್ದು ಎರಡೂ ಕಾಲಿನ ಹರಡು ಮುರಿದುಕೊಂಡರು. 2020ರಲ್ಲಿ ತೀರಿಕೊಂಡರು. ಅಂದರೆ 2040ರವರೆಗೆ ಅವರ ಕೀರ್ತಿ ಪರೀಕ್ಷಾರ್ಥ ಅವಧಿಯಲ್ಲಿರುತ್ತದೆ.

ಫಲಕವು ಸಾರ್ವಜನಿಕ ರಸ್ತೆಯಿಂದ ಕಾಣುವಂತಿರಬೇಕೆಂಬುದು ಮತ್ತೊಂದು ನಿಯಮ. ಇದರ ಪಾಲನೆಗೆ ಲಂಡನ್ನಿನ ವಾಹನ ದಟ್ಟಣೆ ತುಂಬು ಸಹಕಾರ ನೀಡುತ್ತಿದೆ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಲಂಡನ್ನಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 36 ನಿಮಿಷ 20 ಸೆಕೆಂಡು ಬೇಕಾಗಿ, ಅದು ಜಗತ್ತಿನ ಅತ್ಯಂತ ನಿಧಾನದ ನಗರಕೇಂದ್ರವಾಯಿತು. 29 ನಿಮಿಷ 10 ಸೆಕೆಂಡಿನೊಂದಿಗೆ ನಮ್ಮ ಬೆಂಗಳೂರು ಎರಡನೆಯ ಸ್ಥಾನಕ್ಕೆ ಇಳಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಜೀವ ಸವೆಸಿದವರು ಈ ಸೋಲನ್ನು ಸುಲಭಕ್ಕೆ ಒಪ್ಪಲಾರರು. ಲಂಡನ್ನಿನ ಈ ವೇಗ ಗಂಟೆಗೆ ಹತ್ತು ಮೈಲಿ ಚಿಲ್ಲರೆ. 20 ಮೈಲಿಯ ಮಿತಿಯನ್ನು ಮೀರಬೇಡಿರೆಂದು ಅಲ್ಲಿನ ಚಾಲಕನಿಗೆ ಹೇಳುವುದು ಕೊಂಕಾಗಬಹುದೇ ಹೊರತು ಎಚ್ಚರಿಕೆಯಾಗದು.

ಇನ್ನು ಮುಂದೆ ಫಲಕ ಹಾಕಲು ಮನೆಗಳಾದರೂ ಸಿಗುತ್ತವೆಯೇ ಎಂಬುದೇ ಸಂದೇಹ. ಇನ್ನೊಬ್ಬ ವಿಶ್ವ ಚಾಂಪಿಯನ್ ಜಾಕಿ ಸ್ಟೀವರ್ಟ್ 1960ರ ದಶಕದ ಕೊನೆಯಲ್ಲೇ ಸ್ವಿಟ್ಜರ್ಲೆಂಡಿಗೆ ಹೊರಟುಹೋಗಿದ್ದರು. ಗಳಿಕೆಯ ಮೇಲಿನ ಗರಿಷ್ಠ ತೆರಿಗೆಯನ್ನು ಬ್ರಿಟಿಷ್ ಸರ್ಕಾರ 83 ಶೇಕಡಕ್ಕೆ ಏರಿಸಿದ 1974ರಲ್ಲಿ ಹಂಟ್ ಕೂಡ ಕೆಲಕಾಲ ಸ್ಪೇನಿಗೆ ವಲಸೆ ಹೋಗಿದ್ದರು. ಇಂದಿನ ಚಾಲಕರಲ್ಲಿ ಅನೇಕರ ವಿಳಾಸ, ನಿವಾಸಿಗಳಿಂದ ಆದಾಯ ತೆರಿಗೆ ಕೇಳದ ಮೊನಾಕೊ. ಎರಡು ಚದರ ಕಿಲೋಮೀಟರಿನಷ್ಟಿರುವ ಆ ಸಂಸ್ಥಾನದಲ್ಲಿ ವರ್ಷಕ್ಕೊಮ್ಮೆ ತಮ್ಮ ಮನೆಯ ಆಸುಪಾಸಿನ ಬೀದಿಯಲ್ಲೇ ಕಾನೂನುಬದ್ಧವಾಗಿ ಕಾರು ಹಾರಿಸಬಹುದು. ಸದ್ದಿನ ಬಗ್ಗೆ ದೂರಬೇಕಾದ ನೆರೆಮನೆಯವರು ಪಕ್ಕದ ಕಾರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕುಳಿತಿರುತ್ತಾರೆ.

ಆದ್ದರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಮುಂದಿನ ಶತಮಾನದ ಅಗತ್ಯಕ್ಕೆಂದು ಈಗಲೇ ಹೊಸ ಒಕ್ಕಣೆಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು: "ವಿಶ್ವ ಚಾಂಪಿಯನ್ ಇಂಥವರು ತೆರಿಗೆಯ ದೆಸೆಯಿಂದ ಇಲ್ಲಿ ವಾಸಿಸಲಿಲ್ಲ." ಈ ವಾಕ್ಯ ಲಂಡನ್ನಿನ ಸಮಸ್ತ ಬಡಾವಣೆಗಳ ಸಮಸ್ತ ಮನೆಗಳಿಗೂ ಒಂದಕ್ಷರ ತಿದ್ದದೆ ಒಪ್ಪುತ್ತದೆ. ಮನೆ ಮಾರುವ ದಲ್ಲಾಳಿಗಳು ಇದಕ್ಕೆ ಇಪ್ಪತ್ತು ವರ್ಷ ಕಾಯಲು ಒಪ್ಪುತ್ತಾರೆಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ.