ಬಿಲ್ಲು ತೂಗೋಕೆ ಬ್ಯಾಗು ತೂಗೋ ತಕ್ಕಡಿ ಸಾಕು

ಆರ್ಚರಿ ಕ್ಲಾಸಿಗೆ ಮಕ್ಕಳನ್ನ ಕರ್ಕೊಂಡು ಬರೋ ಅಪ್ಪ-ಅಮ್ಮಂದಿರು ಈಚೆಗೆ ಪದೇ ಪದೇ ಕೇಳೋ ಪ್ರಶ್ನೆ: 'ಬೋ ಸ್ಕೇಲ್ ಯಾವುದು ತಗೊಳ್ಳೋದು?' ಬೋ ಸ್ಕೇಲ್ ಅಂದ್ರೆ ಹೆದೆ ಎಳೆಯೋಕೆ ಎಷ್ಟು ಪೌಂಡ್ ಬಲ ಬೇಕು ಅಂತ ತೂಗೋ ತಕ್ಕಡಿ. ಬಿಲ್ಲಿಗೇ ಅಂತ ಮಾರೋ ಡಿಜಿಟಲ್ ಸ್ಕೇಲನ್ನ ಆನ್‌ಲೈನಲ್ಲಿ ನೋಡಿರ್ತಾರೆ, ಬೆಲೆ ನೋಡಿ ಗಾಬರಿಯಾಗಿರ್ತಾರೆ. ಏರ್‌ಪೋರ್ಟಿಗೆ ಹೊರಡೋ ಮುಂಚೆ ಸೂಟ್‌ಕೇಸ್ ಎತ್ತಿ ನೋಡ್ತೀವಲ್ಲ, ಆ ಕೈತಕ್ಕಡಿ ತಗೊಳ್ಳಿ ಅಂತೀನಿ ನಾನು. ಐನೂರು ರೂಪಾಯಿ ಆಸುಪಾಸಲ್ಲಿ ಸಿಗುತ್ತೆ. ಉಳಿದ ದುಡ್ಡಿಗೆ ಬಾಣ ತಗೊಳ್ಳಿ, ಹೇಗಿದ್ರೂ ಮುರೀತವೆ.

ಲಿಂಬ್ (ಬಿಲ್ಲಿನ ಬಾಗೋ ತೋಳು) ಮೇಲೆ ಪೌಂಡ್ ಬರೆದಿರುತ್ತಲ್ಲ, ಮತ್ತೆ ತೂಗೋದು ಯಾಕೆ ಅನ್ನೋರಿದ್ದಾರೆ. ಬರೆದಿರುತ್ತೆ, ನಿಜ. ಆದ್ರೆ ಅಲ್ಲಿರೋ 30 ಪೌಂಡ್ ಅನ್ನೋದು 28 ಇಂಚು ಎಳೆದಾಗಿನ ಲೆಕ್ಕ, ಅದೂ ಸಾಮಾನ್ಯವಾಗಿ 25 ಇಂಚಿನ ರೈಸರ್‌ಗೆ (ಹಿಡಿ ಇರೋ ನಡುಭಾಗ). ಆ 28 ಕೂಡ ಹಿಡಿಯ ಒಳಗುಳಿಯಿಂದ ಹೆದೆಯವರೆಗೆ 26¼ ಇಂಚು ಅಳೆದು, ಅದಕ್ಕೆ 1¾ ಸೇರಿಸಿ ಬಂದಿದ್ದು. ಹನ್ನೆರಡು ವರ್ಷದ ಹುಡುಗಿ 25 ಇಂಚು ಎಳೆದ್ರೆ ಹೆಚ್ಚು. ಒಂದು ಇಂಚು ಕಮ್ಮಿಯಾದ್ರೆ ಸುಮಾರು 2 ಪೌಂಡ್ ಇಳಿಯುತ್ತೆ ಅಂದ್ಕೊಳ್ಳಿ, ಅವಳ ಬೆರಳಿಗೆ ಬೀಳೋದು 24ರ ಹತ್ತಿರ. ಅದೇ ಲಿಂಬನ್ನ 23 ಇಂಚಿನ ರೈಸರ್‌ಗೆ ಹಾಕಿದ್ರೆ ಒಂದೆರಡು ಪೌಂಡ್ ಏರುತ್ತೆ. ಲಿಂಬ್ ಬೋಲ್ಟ್ ತಿರುಗಿಸಿದ್ರೆ ಮತ್ತೆ ಬೇರೆ. ಬಾಣದ ಸ್ಪೈನ್, ಅಂದ್ರೆ ಅದು ಎಷ್ಟು ಬಾಗುತ್ತೆ ಅನ್ನೋದನ್ನ, ಆರಿಸಬೇಕಾದ್ದು ಬೆರಳಿಗೆ ಬೀಳೋ ಈ ಪೌಂಡ್ ನೋಡಿ. ಸ್ಟಿಕ್ಕರ್ ನಂಬಿ 30 ಪೌಂಡಿಗೆ ಅಂತ ತಂದ ಗಟ್ಟಿ ಬಾಣ, ಬಲಗೈ ಹುಡುಗಿ ಬಿಟ್ಟಾಗೆಲ್ಲ ಎಡಕ್ಕೇ ಹೋಗ್ತಿರುತ್ತೆ. ನಾವು ಅವಳ ಕೈ ತಿದ್ದುತ್ತಾ ಕೂತಿರ್ತೀವಿ.

ಇಂಡಿಯನ್ ರೌಂಡ್ ಅನ್ನೋ ನಮ್ಮ ದೇಶದ ಸ್ಪರ್ಧೆ ಆಡೋ ಬಿದಿರು ಬಿಲ್ಲಿನವರಿಗಂತೂ ತಕ್ಕಡಿ ಇನ್ನೂ ಬೇಕು. ಬಿದಿರು ಬಳಸ್ತಾ ಬಳಸ್ತಾ ಸೋಲುತ್ತೆ. 30 ಮೀಟರಲ್ಲಿ ಗೊತ್ತಾಗದೇ ಇದ್ದಿದ್ದು 50 ಮೀಟರಿಗೆ ಹೋದಾಗ ಬಾಣ ಕೆಳಗೆ ಬಿದ್ದು ಗೊತ್ತಾಗುತ್ತೆ.

ಸರಿ, ಆರಿಸೋದು ಹೇಗೆ? 40 ಅಥವಾ 50 ಕೆಜಿ ತಡೆಯೋದು ತಗೊಳ್ಳಿ. ವರ್ಲ್ಡ್ ಆರ್ಚರಿ ಸ್ಪರ್ಧೆಗಳಲ್ಲಿ ರಾಟೆ ಇರೋ ಕಾಂಪೌಂಡ್ ಬಿಲ್ಲಿಗೇ ಮಿತಿ 60 ಪೌಂಡ್, ಅಂದ್ರೆ 27 ಕೆಜಿ ಚಿಲ್ಲರೆ. 10 ಕೆಜಿಯ ಪುಟಾಣಿ ತಕ್ಕಡಿ 22 ಪೌಂಡಿಗೇ ಕೈ ಎತ್ತುತ್ತೆ. ಪಟ್ಟಿ ಇರೋದಕ್ಕಿಂತ ಕೊಕ್ಕೆ ಇರೋದು ವಾಸಿ, ಆದ್ರೆ ಕೊಕ್ಕೆಯ ಅಂಚು ಹರಿತವಾಗಿದ್ರೆ ಹೆದೆಗೆ ಸುತ್ತಿರೋ ಸರ್ವಿಂಗ್ ದಾರ ಕಿತ್ತುಬರುತ್ತೆ. ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿಬಿಡಿ. ಗುಜರಿಯವರ ಮುಳ್ಳಿನ ತಕ್ಕಡಿ ಬೇಡ, ಅದರ ಮೇಲೆ ನಂಬಿಕೆ ಯಾಕಿಲ್ಲ ಅಂತ ಪೇಪರ್ ಮಾರಿದವರಿಗೆಲ್ಲ ಗೊತ್ತು.

ಯೂನಿಟ್ ಬಟನ್ ಕಡೆ ಸ್ವಲ್ಪ ಗಮನ ಇರಲಿ. ಕೆಲವು ತಕ್ಕಡಿಗಳಲ್ಲಿ ಕೆಜಿ, ಪೌಂಡ್ ಜೊತೆ ಚೀನಾದ 'ಜಿನ್' ಅನ್ನೋ ಅಳತೆನೂ ಇರುತ್ತೆ. ಒಂದು ಜಿನ್ ಅಂದ್ರೆ 500 ಗ್ರಾಂ, ಪೌಂಡ್ ಅಂದ್ರೆ ಸುಮಾರು 454. 36 ಪೌಂಡಿನ ಬಿಲ್ಲು ಜಿನ್‌ನಲ್ಲಿ 32.7 ತೋರಿಸುತ್ತೆ. ಸಂಖ್ಯೆ ತೀರಾ ದೂರ ಇಲ್ಲದ್ದರಿಂದ ಯಾರಿಗೂ ಅನುಮಾನ ಬರಲ್ಲ, ಲಿಂಬ್ ಸೋತಿದೆ ಅಂದ್ಕೊಂಡು ಸುಮ್ಮನಾಗ್ತಾರೆ. ಕೆಜಿಯಲ್ಲೇ ಓದಿ 2.2ರಿಂದ ಗುಣಿಸಿ, ಗೊಂದಲವೇ ಇರಲ್ಲ.

ಇವುಗಳ ನಿಜವಾದ ತೊಂದರೆ ಲಾಕ್. ಸಂಖ್ಯೆ ಒಂದು ಕ್ಷಣ ನಿಂತ್ರೆ ಬೀಪ್ ಅಂದು ಅಲ್ಲೇ ಕೂತುಬಿಡುತ್ತೆ. ನೀವು ಎಳೀತಾ ನಡುವೆ ಒಂಚೂರು ನಿಂತ್ರೆ ಅಲ್ಲಿಗೇ ಲಾಕ್. ಪೂರ್ತಿ ಎಳೆದು ಕೈ ನಡುಗಿದ್ರೆ ಲಾಕೇ ಆಗಲ್ಲ. ಅತಿ ಹೆಚ್ಚು ತೂಕ ಹಿಡಿದಿಡೋ ಪೀಕ್ ಹೋಲ್ಡ್ ಇರೋದಾದ್ರೆ ಅರ್ಧ ಇಂಚು ಜಾಸ್ತಿ ಎಳೆದ್ರೂ ಒಂದು ಪೌಂಡ್ ಸುಳ್ಳು ಹೇಳುತ್ತೆ. ಅದಕ್ಕೆ ನಾನು ಮಾಡೋದು ಇಷ್ಟು: ಬಟ್ಟಿನ (ಗುರಿಹಲಗೆ) ಮುಂದೆ ನಿಂತು, ಬಾಣ ಏರಿಸಿ, ನಾಕ್ (ಹೆದೆಗೆ ಸಿಕ್ಕಿಸೋ ಬಾಣದ ಹಿಂತುದಿ) ಕೆಳಗೆ ಹೆದೆಗೆ ಕೊಕ್ಕೆ ಹಾಕಿ, ನಿಧಾನವಾಗಿ ತಕ್ಕಡಿ ಎಳೀತೀನಿ. ಪಕ್ಕದಲ್ಲಿ ಯಾರಾದ್ರೂ ಮೊಬೈಲಲ್ಲಿ ವಿಡಿಯೋ ಮಾಡ್ತಾರೆ. ಕ್ಲಿಕ್ಕರ್ (ಪೂರ್ತಿ ಎಳೆದಾಗ ಸದ್ದು ಮಾಡೋ ಪಟ್ಟಿ) 'ಟಕ್' ಅಂದಾಗ ಪರದೆ ಮೇಲೆ ಏನಿತ್ತು ಅಂತ ಆಮೇಲೆ ನಿಲ್ಲಿಸಿ ನೋಡಿದ್ರಾಯ್ತು. ಕ್ಲಿಕ್ಕರ್ ಇಲ್ಲದೋರು, ಎಂದಿನಂತೆ ಎಳೆದು ನಿಂತಾಗ ಬಾಣ ರೈಸರ್ ದಾಟೋ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿಸ್ಕೊಳ್ಳಿ. ಎಳೆದಷ್ಟೇ ನಿಧಾನವಾಗಿ ವಾಪಸ್ ಬಿಡಿ. ಕೊಕ್ಕೆ ಜಾರಿದ್ರೆ ಲಿಂಬಿಗೂ ಪೆಟ್ಟು, ಎದುರಿಗೆ ಯಾರಿದ್ರೂ ಅಪಾಯ.

ಅಗ್ಗದ ತಕ್ಕಡಿ ಸರಿ ತೋರಿಸುತ್ತಾ ಅನ್ನೋ ಅನುಮಾನಕ್ಕೆ ಮನೆಯಲ್ಲೇ ಉತ್ತರ ಇದೆ. ಖಾಲಿ ಬಕೆಟ್ ತೂಗಿ, ಲೀಟರ್ ಬಾಟಲಿಯಲ್ಲಿ ಅಳೆದು 15 ಲೀಟರ್ ನೀರು ಹಾಕಿ, ಮತ್ತೆ ತೂಗಿ. 15 ಕೆಜಿ ಹೆಚ್ಚಬೇಕು, ಅಂದ್ರೆ 33 ಪೌಂಡ್. ಹೆಚ್ಚುಕಮ್ಮಿ ನಮ್ಮ ಮಕ್ಕಳ ಬಿಲ್ಲಿನ ಎಳೆತದ ತೂಕ. ಪರಿಚಯದ ದಿನಸಿ ಅಂಗಡಿಯಲ್ಲಿ ಮುದ್ರೆ ಹಾಕಿಸಿದ 10 ಕೆಜಿ ತೂಕದ ಕಲ್ಲು ಇದ್ರೆ ಇನ್ನೂ ಒಳ್ಳೇದು. ನೂರು ಗ್ರಾಂ ಆಚೀಚೆ ಆದ್ರೆ ತಲೆ ಕೆಡಿಸ್ಕೋಬೇಡಿ, ಕಾಲು ಪೌಂಡ್ ಕೂಡ ಅಲ್ಲ. ನಮಗೆ ಬೇಕಿರೋದು ಹೋದ ತಿಂಗಳು ತೋರಿಸಿದ್ದನ್ನೇ ಈ ತಿಂಗಳೂ ತೋರಿಸೋ ತಕ್ಕಡಿ.

ಯಾವ ಬ್ರ್ಯಾಂಡು, ಲಿಂಕ್ ಕಳ್ಸಿ ಅಂತ ಕಾಮೆಂಟಲ್ಲಿ ಕೇಳಬೇಡಿ. ಅದೇ ಮಾಲು ಹತ್ತು ಹೆಸರಲ್ಲಿ ಬರುತ್ತೆ. ಕೊಕ್ಕೆಯ ಫೋಟೋ ನೋಡಿ, ವಾಪಸ್ ತಗೊಳ್ತಾರಾ ನೋಡಿ, ಬಂದ ದಿನವೇ ಬಕೆಟ್ ತೂಗಿ. ಹೆಚ್ಚುಕಮ್ಮಿ ಇದ್ರೆ ಡಬ್ಬ ಎಸೆಯೋ ಮುಂಚೆ ವಾಪಸ್ ಕಳಿಸಿ.