ಗುಲ್ಮದ ರಕ್ತ ಎಲ್ಲಿಗೆ ಹೋಗಬೇಕು?

ಮೇದೋಜೀರಕ ಗ್ರಂಥಿಯ ಗೆಡ್ಡೆ ತೆಗೆಯುವಾಗ ಗುಲ್ಮದ ಅಭಿಧಮನಿಯನ್ನು ಕಟ್ಟಿಬಿಟ್ಟರೂ ರಕ್ತ ತಾನೇ ದಾರಿ ಹುಡುಕಿಕೊಳ್ಳುತ್ತದೆ ಎಂದಿದ್ದೀರಿ. ಯಾವ ದಾರಿ ಅನ್ನುವುದೇ ಪ್ರಶ್ನೆ. ಕೆಳ ಮೆಸೆಂಟೆರಿಕ್ ಅಭಿಧಮನಿ (ದೊಡ್ಡ ಕರುಳಿನ ಕೊನೆಯ ಭಾಗದ ರಕ್ತ ತರುವ ನಾಳ) ಗುಲ್ಮದ ನಾಳಕ್ಕೇ ಸೇರುತ್ತಿದ್ದು ಆ ಸಂಗಮ ಉಳಿದಿದ್ದರೆ, ರಕ್ತ ಹಿಮ್ಮುಖವಾಗಿ ದೊಡ್ಡ ಕರುಳಿನತ್ತ ಇಳಿಯಬಹುದು. ಆ ಕೆಳ ನಾಳ ಮೇಲಿನ ಮೆಸೆಂಟೆರಿಕ್‌ಗೆ (ಸಣ್ಣ ಕರುಳಿನ ರಕ್ತ ತರುವ ಅಭಿಧಮನಿಗೆ) ಸೇರುವವರಲ್ಲಿ ಈ ಕಿಂಡಿಯೂ ಇಲ್ಲ. ಒತ್ತಡ ಹೆಚ್ಚಾಗಿ ಜಠರದ ಗೋಡೆಯ ನಾಳಗಳ ಮೇಲೆ. ಅವು ಉಬ್ಬಿ ರಕ್ತ ಸುರಿಸುವುದು ಎಷ್ಟೋ ತಿಂಗಳ ಮೇಲೆ, ಅದೂ ಲಿವರ್ ಪರೀಕ್ಷೆ ನಾರ್ಮಲ್ ಇರುವಾಗಲೇ. ಪ್ಲೇಟ್‌ಲೆಟ್ ಇಳಿದು ಸಿಟಿ ಸ್ಕ್ಯಾನ್‌ನಲ್ಲಿ ಗುಲ್ಮ ಹಿಗ್ಗಿದ್ದರೆ ಅದು ಮೊದಲ ಸುಳಿವು (ತಪ್ಪನ್ನು ಕೀಮೋಥೆರಪಿಯ ತಲೆಗೆ ಕಟ್ಟಿ ಸುಮ್ಮನಾಗಬೇಡಿ). ಹೀಗೆ ಕಿಂಡಿ ಇಲ್ಲದವರಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಗುಲ್ಮದ ನಾಳದ ತುದಿಯನ್ನು ಎಡ ಮೂತ್ರಪಿಂಡದ ಅಭಿಧಮನಿಗೋ ಪೋರ್ಟಲ್ ನಾಳಕ್ಕೋ (ಲಿವರ್‌ಗೆ ರಕ್ತ ಒಯ್ಯುವ ಅಭಿಧಮನಿಗೋ) ಎಳೆತ, ತಿರುಚು ಇಲ್ಲದಂತೆ ಜೋಡಿಸುವುದೇ ಲೇಸು. ಗಂಟು ಹಾಕುವಾಗ ದಾರ ತುಸು ಸಡಿಲ ಬಿಡದಿದ್ದರೆ, ರಕ್ತ ತುಂಬಿ ನಾಳ ಹಿಗ್ಗಿದಾಗ ಹೊಲಿಗೆಯ ಜಾಗ ಮಾತ್ರ ಕಿರಿದಾಗೇ ಉಳಿದು ಹೆಪ್ಪುಗಟ್ಟುತ್ತದೆ.