ದೂರು ಕಮಾಂಡರ್ ಕೈ ದಾಟಬೇಕೇ?

ಸೇನೆಯೊಳಗೆ ಒಬ್ಬರು ಇನ್ನೊಬ್ಬರ ಮೇಲೆ ಲೈಂಗಿಕ ಬಲವಂತ ಮಾಡಿದ ದೂರು ಬಂದಾಗ ಮೊಕದ್ದಮೆ ಹೂಡುವ ತೀರ್ಮಾನ ಯಾರದಾಗಿರಬೇಕು? ತುಕಡಿಯ ಕಮಾಂಡರದ್ದೋ, ಅವರ ಹಿಡಿತದಲ್ಲಿಲ್ಲದ ವಕೀಲರದ್ದೋ? ತುಕಡಿ ಒಂದಾಗಿ ಉಳಿಯುವುದು ಯಾವುದರಿಂದ? ಇಬ್ಬರು ನಿವೃತ್ತರು ಬರೆದಿದ್ದಾರೆ.

ಪರ: ದಾಟಲೇಬೇಕು
(ಸೇನೆಯ ನಿವೃತ್ತ ನರ್ಸ್)

ನಾನು ಕ್ಯಾಂಪ್ ಆಸ್ಪತ್ರೆಯಲ್ಲಿದ್ದಾಗ ಒಂದೇ ತುಕಡಿಯ ಮೂವರು ಹುಡುಗಿಯರು ಉರಿಮೂತ್ರ ಅಂತ ಬಂದರು. ಬೇಸಿಗೆ. ನೀರು ಜಾಸ್ತಿ ಕುಡೀರಿ ಅಂದೆ. ಮೂವರೂ ತಲೆ ತಗ್ಗಿಸಿದರು. ಕೊನೆಗೆ ಒಬ್ಬಳು ಬಾಯಿಬಿಟ್ಟಳು. ಸಂಜೆ ಐದರ ಮೇಲೆ ಅವರು ನೀರು ಮುಟ್ಟುತ್ತಿರಲಿಲ್ಲ. ರಾತ್ರಿ ಶೌಚಾಲಯಕ್ಕೆ ಹೋಗಬೇಕಾದರೆ ಒಬ್ಬನ ಕೋಣೆ ದಾಟಬೇಕಿತ್ತು.

ದೂರು ಕೊಟ್ಟಿದ್ದು ನಾಲ್ಕನೆಯವಳು. ಅವರ ಕಮಾಂಡರ್ ಕೆಟ್ಟವರೇನಲ್ಲ. ಆದರೆ ಆ ಕೋಣೆಯವನು ಅವರ ಕೈಯಲ್ಲೇ ಪಳಗಿದವನು. ಅವನದೂ ಅವಳದೂ ವಾರ್ಷಿಕ ವರದಿ ಬರೆಯುವ ಪೆನ್ನೂ ಒಂದೇ, ಕಮಾಂಡರದ್ದು. "ಒಂದು ವಾರ ಯೋಚನೆ ಮಾಡಮ್ಮ" ಅಂದರಂತೆ. ಆ ವಾರದಲ್ಲಿ ಮೆಸ್‌ನಲ್ಲಿ ಅವಳ ಪಕ್ಕದ ಕುರ್ಚಿಗಳು ಖಾಲಿಯಾದವು. ಪಾಳಿ ಬದಲಿಸಿಕೊಳ್ಳಲು ಯಾರೂ ಸಿಗಲಿಲ್ಲ. ನೀರು ಕುಡಿಯದ ಆ ಮೂವರೂ ಅವಳ ಜೊತೆ ಕೂರಲಿಲ್ಲ ನೋಡಿ. ಆಮೇಲೆ "ನಿನ್ನ ಒಳ್ಳೆಯದಕ್ಕೇ" ಅಂತ ಅವಳನ್ನೇ ವರ್ಗ ಮಾಡಿದರು. ಹೊಸ ಜಾಗಕ್ಕೆ ಅವಳಿಗಿಂತ ಮೊದಲು ಅವಳ ಸುದ್ದಿ ಮುಟ್ಟಿತ್ತು.

ಇದಕ್ಕೆ ಒಗ್ಗಟ್ಟು ಅಂತ ಹೆಸರು. ಯಾರ ಒಗ್ಗಟ್ಟು?

ನನ್ನ ಕಣ್ಣೆದುರಿನ ಕತೆ ಸಾಲದು ಅನ್ನುವವರು ಅಮೆರಿಕವನ್ನು ನೋಡಲಿ. 1991ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ನೌಕಾಪಡೆ ಪೈಲಟ್‌ಗಳ ಟೇಲ್‌ಹುಕ್ ಕೂಟದಲ್ಲಿ 83 ಹೆಂಗಸರು, 7 ಗಂಡಸರು ದೌರ್ಜನ್ಯಕ್ಕೆ ಒಳಗಾದರು ಎಂದು ತನಿಖೆ ಹೇಳಿತು. 2013ರಲ್ಲಿ, ಇಟಲಿಯ ಅವಿಯಾನೊದಲ್ಲಿರುವ ಅಮೆರಿಕದ ವಾಯುನೆಲೆಯ ಅಧಿಕಾರಿಯೊಬ್ಬನನ್ನು ಲೈಂಗಿಕ ದೌರ್ಜನ್ಯದ ಮೊಕದ್ದಮೆಯಲ್ಲಿ ಕೋರ್ಟ್ ಮಾರ್ಷಲ್ (ಸೇನೆಯದೇ ಕೋರ್ಟು) ತಪ್ಪಿತಸ್ಥ ಎಂದ ಮೇಲೂ ಜನರಲ್ ಒಬ್ಬರು ಆ ತೀರ್ಪನ್ನೇ ರದ್ದು ಮಾಡಿದರು. ಒಂದು ಸಹಿ ಸಾಕಾಯಿತು! 2020ರಲ್ಲಿ ಫೋರ್ಟ್ ಹುಡ್ ನೆಲೆಯಲ್ಲಿ ವನೆಸ್ಸಾ ಗಿಯೆನ್ ಎಂಬ ಸೈನಿಕಳ ಕೊಲೆಯಾಯಿತು. ಅದಕ್ಕೂ ಮೊದಲು ಅವಳು ಕಿರುಕುಳದ ಬಗ್ಗೆ ಹೇಳಿಕೊಂಡಿದ್ದರೂ ಮೇಲಿನವರು ಏನೂ ಮಾಡಿರಲಿಲ್ಲ ಎಂದು ಸೇನೆಯ ತನಿಖೆಯೇ ಒಪ್ಪಿತು. ಆ ಸಿಟ್ಟು ಕಾನೂನನ್ನು ಬದಲಿಸಿತು. 2023ರ ಡಿಸೆಂಬರ್ 28ರಿಂದ ಅತ್ಯಾಚಾರದಂಥ ಮೊಕದ್ದಮೆ ಹೂಡುವ ತೀರ್ಮಾನ ಕಮಾಂಡರ್ ಅಧೀನದಲ್ಲಿಲ್ಲದ ಸೇನಾ ವಕೀಲರದ್ದು. ಕೆನಡಾದಲ್ಲೂ 2015ರಲ್ಲಿ ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಮೇರಿ ದೆಶಾಂ, ದೂರು ಕೊಡುವ ಕೇಂದ್ರ ಸೇನೆಯ ಹೊರಗಿರಬೇಕು ಅಂದಿದ್ದರು.

ಹೆಂಗಸರನ್ನು ಸೇರಿಸಿಕೊಂಡಿದ್ದೇ ಗೋಜಲಿಗೆ ಕಾರಣ ಅನ್ನುವವರಿದ್ದಾರೆ. ಅಮೆರಿಕ ಸೇನೆಯ 2023ರ ಅಂದಾಜಿನಲ್ಲಿ ಸುಮಾರು 29 ಸಾವಿರ ಮಂದಿ ಇಂಥ ದೌರ್ಜನ್ಯಕ್ಕೆ ಒಳಗಾಗಿದ್ದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಸರು. ಅವರು ಅದನ್ನು ಹೇಳಿಕೊಂಡು ಆಸ್ಪತ್ರೆಗೂ ಬರುವುದಿಲ್ಲ. ಬೆನ್ನುನೋವು ಅಂತ ಬರುತ್ತಾರೆ.

ಅಧಿಕಾರ ಕಿತ್ತುಕೊಂಡರೆ ಕಮಾಂಡರ್‌ಗೆ ಹೊಣೆಯೂ ಇರುವುದಿಲ್ಲ ಎಂದು ನನ್ನ ಎದುರಾಳಿ ಬರೆಯುತ್ತಾರೆ, ಗೊತ್ತು. ಇಷ್ಟು ವರ್ಷ ಅಧಿಕಾರ ಇತ್ತಲ್ಲ, ಹೊಣೆ ಎಲ್ಲಿತ್ತು ಸ್ವಾಮಿ?

ವಿರೋಧ: ಕಮಾಂಡರ್ ಬಿಟ್ಟು ಆಗದು
(ನಿವೃತ್ತ ಅಧಿಕಾರಿ)

ಸಂಪಾದಕರು ನನಗೆ ಈ ಕಡೆ ಕೊಟ್ಟಿದ್ದಾರೆ. ಇನ್ಯಾರೂ ಒಪ್ಪಲಿಲ್ಲವೇನೋ. ಇರಲಿ.

ವಕೀಲರು ಬರಲು ದಿನ ಹಿಡಿಯುತ್ತದೆ. ವಿಚಾರಣೆ ಮುಗಿಯಲು ತಿಂಗಳುಗಳು. ಅಷ್ಟರಲ್ಲಿ ಇವತ್ತು ರಾತ್ರಿ ಯಾರು ಯಾವ ಕೋಣೆಯಲ್ಲಿ ಮಲಗಬೇಕು? ನಾಳೆ ಗಸ್ತಿಗೆ ಯಾರ ಜೊತೆ ಯಾರು? ಇದನ್ನು ಹೇಳುವವರು ಕಮಾಂಡರ್ ಮಾತ್ರ. ಖಾಲಿ ಕುರ್ಚಿಯ ಮೇಲೆ ಯಾರನ್ನಾದರೂ ಕೂರಿಸುವ ಶಕ್ತಿ ಯಾವ ಕೋರ್ಟಿಗಿದೆ? ದೊಡ್ಡ ವಿಷಯವೆಲ್ಲ ಹೊರಗಿನವರದ್ದು ಅಂತಾದರೆ ಕಮಾಂಡರ್ ಕೈತೊಳೆದುಕೊಂಡು ಸುಮ್ನೆ ಕೂರುತ್ತಾರೆ. ಹೀಗೇ ಆದರೆ ನಾಳೆ ಪಕ್ಕದವನ ಗೊರಕೆಗೂ ವಕೀಲರನ್ನು ಕರೆಸಬೇಕಾದೀತು.

ನನ್ನ ಕಾಲದಲ್ಲಿ ಒಂದು ದೂರು ಬಂತು. ಹುಡುಗ ಹೊಸಬ, ಇನ್ನೂ ಮೀಸೆ ಮೂಡಿರಲಿಲ್ಲ. ಅವನ ಮೇಲೆ ಕೈ ಹಾಕಿದವನು ಹಿರಿಯ. ನಾನು ಆ ಹಿರಿಯನನ್ನು ಅದೇ ಸಂಜೆ ಗಂಟುಮೂಟೆ ಕಟ್ಟಿಸಿ ಮುಖ್ಯ ಕಚೇರಿಗೆ ಕಳಿಸಿದೆ, ಮೇಲೆ ವರದಿಯೂ ಹೋಯಿತು. ಮರುದಿನ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹುಡುಗನ ಬಗ್ಗೆ ಯಾರಾದರೂ ತಮಾಷೆ ಮಾಡಿದರೆ ನನ್ನ ಹತ್ತಿರ ಬರಬೇಕಾಗುತ್ತದೆ ಅಂದೆ. ಒಂದು ತಿಂಗಳು ಅವನ ಮೇಜಿನಲ್ಲೇ ಊಟ ಮಾಡಿದೆ. ಅವನಿಗೆ ಅದು ಬಹಳ ಮುಜುಗರ, ನನಗೂ. ಮಾತಾಡಲು ಏನೂ ಇರುತ್ತಿರಲಿಲ್ಲ. ಎರಡನೇ ವಾರ ಉಳಿದವರು ಒಬ್ಬೊಬ್ಬರಾಗಿ ತಟ್ಟೆ ಹಿಡಿದುಕೊಂಡು ಬಂದು ಕೂತರು. ಅವನು ಪೂರ್ತಿ ಸೇವೆ ಮುಗಿಸಿಯೇ ಹೋದ.

ಆ ಹಿರಿಯ ನನಗೆ ಅಷ್ಟೇನೂ ಪರಿಚಯದವನಲ್ಲ ಅನ್ನುವುದನ್ನೂ ಹೇಳಬೇಕು. ನನ್ನ ವಾಲಿಬಾಲ್ ತಂಡದವನೇ ಆಗಿದ್ದಿದ್ದರೆ ಅದೇ ಸಂಜೆ ಕಳಿಸುತ್ತಿದ್ದೆನಾ? ಕಳಿಸುತ್ತಿದ್ದೆ ಅಂತ ಎರಡು ಸಲ ಬರೆದು ಹೊಡೆದುಹಾಕಿದೆ.